ಬೆರಳು ತೋರಿಸಿ ಹೊರಡುವ ಅಜ್ಜ

ಎಂಬತ್ತರ ದಶಕದಲ್ಲಿ ಅಮೆರಿಕದ ಓಕ್ಲ್ಯಾಂಡಿನಲ್ಲಿ ನಮ್ಮ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಒಬ್ಬ ಜಪಾನಿ ಅಜ್ಜ ಇದ್ದರು. ತಮ್ಮ ಹಳ್ಳಿ ಕಡೆಯ ಪುಟ್ಟ ಖಾಸಗಿ ರೈಲು ಕಂಪನಿಯಲ್ಲಿ ಡ್ರೈವರಾಗಿ ನಿವೃತ್ತರಾದವರು. ಗದ್ದೆಗಳ ನಡುವೆ ಓಡುವ ಒಂದೇ ಬೋಗಿಯ ರೈಲು ಅದು. ಅಲ್ಲಿ ಡ್ರೈವರು ಸಿಗ್ನಲ್ಲಿಗೆ ಬೆರಳು ತೋರಿಸಿ, ಬಾಯಿಬಿಟ್ಟು ‘ಯೋಶಿ’ ಎಂದರೇನೇ ಗಾಡಿ ಹೊರಡುವುದಂತೆ. ಎಲ್ಲ ಸರಿಯಿದೆ ಎಂದು ಅದರರ್ಥ. ಅಜ್ಜ ಇಲ್ಲಿ ವಾಕಿಂಗಿಗೆ ಹೊರಟರೂ ಸ್ಟವ್ವಿಗೆ, ದೀಪಕ್ಕೆ, ಬೀಗಕ್ಕೆ ಬೆರಳು ತೋರಿಸಿ ಯೋಶಿ ಎನ್ನುತ್ತಿದ್ದರು.

“ಬೀಗಾನೂ ಗದರಿಸ್ತಾರೆ ನೋಡಿ,” ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಒಂದು ದಿನ ಅಜ್ಜನಿಗೆ ಅವರ ಊರಿನಿಂದ ಫೋನು ಬಂತು. ಇದ್ದ ಡ್ರೈವರು ಕೆಲಸ ಬಿಟ್ಟಿದ್ದ. ಬೇರೆಯವರು ಸಿಗದಿದ್ದರೆ ಕಂಪನಿ ರೈಲನ್ನೇ ನಿಲ್ಲಿಸುವುದರಲ್ಲಿತ್ತು. ಅಜ್ಜ ಅಂದೇ ಸೂಟ್‌ಕೇಸು ಕೆಳಗಿಳಿಸಿದರು.

ಮಗಳು ನಮ್ಮನ್ನು ಕರೆದಳು. “ನೀವಾದ್ರೂ ಹೇಳಿ. ಆ ರೈಲಿಗೆ ಈಗ ಹತ್ತೋರೇ ಇಲ್ಲ.”

“ಸ್ಕೂಲು ಮಕ್ಕಳು ಹತ್ತುತ್ತಾರೆ,” ಎಂದರು ಅಜ್ಜ, ಶರ್ಟು ಮಡಿಸುತ್ತ. “ಯಾರು ಹತ್ತಲಿ ಬಿಡಲಿ, ಹೊತ್ತಿಗೆ ಗಾಡಿ ಹೊರಡಬೇಕು.”

ಏರ್‌ಪೋರ್ಟಿಗೆ ಬಿಡಲು ನಾನು ಹೋದಾಗ ಮಗಳು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಅಜ್ಜ ಸ್ಟವ್ವಿಗೆ ಬೆರಳು ತೋರಿಸಿದರು, ಯೋಶಿ. ದೀಪಕ್ಕೆ, ಯೋಶಿ. ಕೊನೆಗೆ ಬೆರಳು ಮಗಳತ್ತ ತಿರುಗಿತು. ಬಾಯಿ ತೆರೆದರು, ಮಾತು ಬರಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಆ ಮಾತಾಗದೆ ಅವರು ಹೊಸಿಲು ದಾಟುವವರಲ್ಲ.

ಮಗಳು ಆ ಬೆರಳನ್ನೇ ನೋಡಿದಳು. ಆಮೇಲೆ ಸಿಟ್ಟಿಳಿಯದ ದನಿಯಲ್ಲೇ ತಾನೇ ಅಂದಳು, “ಯೋಶಿ.”

ಅಜ್ಜ ತಲೆಬಾಗಿ ಸೂಟ್‌ಕೇಸು ಎತ್ತಿಕೊಂಡರು.