ಮೂರು ಭಾಷೆಯ ಬಟನ್ ಮತ್ತು ಗಾಡಿಗಳ ಪಾಳಿ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮೂಡಲಗಿಯಿಂದ ದಿನಾ ಬಸ್ಸು ಹಿಡಿದು ಗೋಕಾಕಕ್ಕೆ ಹೋಗಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಆ ಕಾಲಕ್ಕೆ ನಮ್ಮ ಭಾಗದಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ಮುರಿದ ಎಲುಬು ಕಟ್ಟುವವನಷ್ಟು ಮರ್ಯಾದೆ. ಹುಕ್ಕೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯವರು ಕರೆಸಿ, ಕಬ್ಬಿನ ಗಾಡಿಗಳ ಪಾಳಿ ಹಚ್ಚುವ ಪ್ರೋಗ್ರಾಮ್ ಬೇಕು ಅಂದರು. ಹಿಂದೆಮುಂದೆ ನೋಡದೆ ಹೂಂ ಅಂದೆ. ಇಂಗ್ಲಿಷಿನಲ್ಲಿ ಮಾಡಿಯೂ ಕೊಟ್ಟೆ.

ಆ ಅಂಗಳದಲ್ಲಿ ಪಾಳಿ ಬರೆಯುತ್ತಿದ್ದ ಕಾರಕೂನರು ಹುಕ್ಕೇರಿಯ ಮುಸಲ್ಮಾನರ ಮನೆತನದವರು. ಊರಿಗೆಲ್ಲ ಚಾಚಾ. ಕನ್ನಡ ಮರಾಠಿ ಎರಡೂ ಓದಿ ಬರೆಯುತ್ತಿದ್ದರು. ಇಂಗ್ಲಿಷು ಬರುತ್ತಿರಲಿಲ್ಲ. ಕಬ್ಬಿನ ಖಾತೆಯ ಸಾಹೇಬರು ನನ್ನ ಎದುರಿಗೇ ಹೇಳಿಬಿಟ್ಟರು: "ಚಾಚಾಗ ಇದು ಬರಲಿಲ್ಲಂದ್ರ ಹಿಪ್ಪಿ ಕಾಯಾಕ ಹಚ್ಚತೇನಿ."

ಹಿಪ್ಪಿ ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಕಾರ್ಖಾನೆಯ ಹಿಂದೆ ಗುಡ್ಡದಂತೆ ಬಿದ್ದಿರುತ್ತದೆ. ಗಾಳಿ ಬಂದರೆ ಅದರ ಧೂಳು ಮೂಗು ಬಾಯಿ ತುಂಬುತ್ತದೆ. ಚಾಚಾಗೆ ಮೊದಲೇ ದಮ್ಮು. ಸಾಹೇಬರು ಹೋದ ಮೇಲೆ ಚಾಚಾ ನಗುತ್ತ ಅಂದರು, "ಮಾಸ್ತರ, ಆ ಧೂಳಿನ್ಯಾಗ ಒಂದ ಸೀಸನ್ ತಗೀತೇನಿ. ಎರಡನೇದಕ್ಕ ನೀವ ಬಂದು ಒಂದ ಮುಟಗಿ ಮಣ್ಣ ಹಾಕಿ ಹೋಗ್ರಿ."

ನಗು ಬರಲಿಲ್ಲ ನನಗೆ. ಪ್ರೋಗ್ರಾಮಿಗೆ ಭಾಷೆ ಬದಲಿಸುವ ಬಟನ್ ಹಾಕಿಕೊಡುತ್ತೇನೆ, ಕನ್ನಡ, ಮರಾಠಿ, ಇಂಗ್ಲಿಷು, ಯಾವುದು ಬೇಕೋ ಒತ್ತಿಕೊಳ್ಳಿ ಅಂದೆ. ಸಾಹೇಬರು ಒಂದು ತಿಂಗಳ ಗಡುವು ಕೊಟ್ಟರು.

ಆ ತಿಂಗಳು ನಾನು ಸುಖವಾಗಿದ್ದೆ, ಅದನ್ನೂ ಹೇಳಬೇಕು. ನನಗೆ ಮಾತು ಬಂದದ್ದು ಸಾಲಿಯಿಂದಲ್ಲ, ಅಜ್ಜಿಯಿಂದ, ಅವಳ ಓರಗೆಯವರಿಂದ. ಪರದೆಯ ಮೇಲಿನ ಮಾತುಗಳನ್ನು ನಿಘಂಟಿನಲ್ಲಿ ಹುಡುಕಲಿಲ್ಲ; ಕಟ್ಟೆಗೆ ಕುಳಿತವರನ್ನು ಕೇಳಿದೆ. ಗೋಕಾಕದಲ್ಲಿ ನಮ್ಮ ಕ್ಲಾಸಿನ ಬಾಜೂ ಮನೆಯ ಜೈನರ ಕಾಕೂ ಮರಾಠಿ ಹೇಳಿಕೊಟ್ಟರು. ಎಂಟು ದಿನ ಚಾಚಾರ ಪಕ್ಕದಲ್ಲಿ ಕುಳಿತು ಅವರ ಕೆಲಸ ನೋಡಿದೆ. ಮೊದಲ ಬಾರಿ 'ಬರಕೋ' ಅನ್ನುವ ಬಟನ್ ಕಂಡಾಗ ಚಾಚಾ ಅಂದರು, "ಚಲೋ ಆತು. ಇಷ್ಟು ವರ್ಷದಾಗ ಒಬ್ಬರಿಗರೆ ಹುಕುಂ ಮಾಡಾಕ ಸಿಕ್ಕಿತು. ಮನಿಯಾಗಂತೂ ಅದು ನಡೆಯಂಗಿಲ್ಲ."

ಆ ಎಂಟು ದಿನ ನಾನು ನೋಡಿಯೂ ನೋಡದ್ದು ಒಂದಿತ್ತು. ಚಾಚಾ ಪಾಳಿ ಬರೆಯುವ ಪುಸ್ತಕದಲ್ಲಿ, ಅಂದರೆ ವಹಿಯಲ್ಲಿ, ಒಂದು ಗಾಡಿ ಬರೆದರೆ, ವಹಿಯನ್ನು ತಿರುಗಿಸಿ ಗಾಡಿಯವನ ಮುಂದೆ ಇಡುತ್ತಿದ್ದರು. "ನೋಡ್ಕೋರಿ, ಬರೋಬ್ಬರಿ ಐತಿಲ್ಲೋ?" ಅನ್ನುತ್ತಿದ್ದರು. ಕನ್ನಡದವನ ಗಾಡಿಯನ್ನು ಕನ್ನಡದಲ್ಲಿ, ಮರಾಠಿಯವನದನ್ನು ಮರಾಠಿಯಲ್ಲಿ ಬರೆಯುತ್ತಿದ್ದರು. ಅವನು ಹೂಂ ಅಂದ ಮೇಲೆಯೇ ಮುಂದಿನವನು. ಆ ಅಂಗಳದಲ್ಲಿ ಜಗಳವಾಗದೆ ಇದ್ದದ್ದು ಆ ಒಂದು ರೂಢಿಯಿಂದ. ನಾನೋ, ಚಾಚಾ ಮುಂಜಾನೆ ಬಂದು ಒಂದು ಭಾಷೆ ಆರಿಸಿಕೊಳ್ಳುತ್ತಾರೆ, ಸಂಜೆತನಕ ಅದರಲ್ಲೇ ಕೆಲಸ ಮಾಡುತ್ತಾರೆ ಅಂದುಕೊಂಡೆ. ಹಾಗೆಂದು ಯಾರೂ ಹೇಳಿರಲಿಲ್ಲ.

ಹೊಸ ಪ್ರೋಗ್ರಾಮು ಶುರುವಾದ ಮೊದಲೆರಡು ದಿನ ಗಾಡಿ ಕಡಿಮೆ ಇದ್ದವು, ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ ಅಂಗಳ ತುಂಬಿತು. ಚಾಚಾ ತಮ್ಮ ರೂಢಿಯಂತೆಯೇ ನಡೆದರು. ಮಾನಿಟರನ್ನು ಕಿಟಕಿಯ ಕಡೆ ತಿರುಗಿಸಿ, ಬಂದವನ ಭಾಷೆಯ ಬಟನ್ ಒತ್ತಿ, ಬರೆದು, ತೋರಿಸಿ, ಚೀಟಿ ಕೊಟ್ಟರು. ಪ್ರೋಗ್ರಾಮು ಮಾತ್ರ ಪ್ರತಿ ಗಾಡಿಯ ಮುಂದೆ 'ಕಾಯುತ್ತಿದೆ' ಅನ್ನುವುದನ್ನು ಆಗ ತೆರೆದಿದ್ದ ಭಾಷೆಯ ಮಾತಿನಲ್ಲೇ ಬರೆದಿಟ್ಟುಕೊಳ್ಳುತ್ತಿತ್ತು. ಪಾಳಿ ಕೂಗುವ ಹೊತ್ತಿಗೆ ಪರದೆಯ ಮೇಲೆ ಕನ್ನಡವಿದ್ದರೆ, ಕನ್ನಡದಲ್ಲಿ ಬರೆದ ಗಾಡಿಗಳಷ್ಟೇ ಕಾಣುತ್ತಿದ್ದವು. ಮರಾಠಿಯಲ್ಲಿ ಬರೆದವು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮಾತಿನ ಬದಲು ಮೂರೂ ಭಾಷೆಗೆ ಒಂದೇ ಗುರುತಿನ ಅಂಕಿ ಇಟ್ಟುಕೊಂಡಿದ್ದರೆ ಮುಗಿದಿತ್ತು. ನಾನು ಇಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಮುಂಜಾನೆ ಎಲ್ಲರಿಗಿಂತ ಮೊದಲು ಬಂದ ಗಾಡಿಗಳು ಎತ್ತು ಬಿಚ್ಚಿ ಬಿಸಿಲಿಗೇ ನಿಂತಿದ್ದವು. ಅವುಗಳಲ್ಲಿ ಒಂದು, ಚಾಚಾಗೆ ಎಷ್ಟೋ ವರ್ಷದ ಪರಿಚಯದ ಒಬ್ಬ ಜೈನ ರೈತರದು. ಮನೆಮಾತು ಮರಾಠಿ. ಅವರು ಕಿಟಕಿಗೆ ಬಂದು ಮೆಲ್ಲಗೆ ಕೇಳಿದರು, "ಚಾಚಾ, ನನ್ನ ಹಿಂದ ಬಂದ ಹನ್ನೆರಡು ಗಾಡಿ ಒಳಗ ಹೋದೂವು. ಎಲ್ಲಾ ಕನ್ನಡದವರೂವ. ಭಾಷಿ ನೋಡಿ ಗಾಡಿ ಬಿಡಾಕತ್ತೀರೇನು?"

"ಯಪ್ಪಾ, ನಾ ಅಂಥಾಂವೇನ್ರಿ?" ಅಂದರು ಚಾಚಾ.

"ಅಲ್ಲಂತನ ಇಷ್ಟು ದಿವಸ ತಿಳಿದಿದ್ದೆ."

ಹಿಂದೆ ನಿಂತವರು ಅಷ್ಟು ಮೆಲ್ಲಗೆ ಮಾತಾಡಲಿಲ್ಲ. ನಮ್ಮ ಗಡಿ ಸೀಮೆಯಲ್ಲಿ ಅಂಥ ಮಾತಿಗೆ ಬೆಂಕಿ ಹತ್ತಲು ಹೊತ್ತು ಬೇಡ. ಸಾಹೇಬರು ಓಡಿ ಬಂದರು. ಚಾಚಾ ಒಂದೊಂದೇ ಬಟನ್ ಒತ್ತುತ್ತಿದ್ದರು. ಒತ್ತಿದ ಹಾಗೆಲ್ಲ ಒಂದು ಪಟ್ಟಿ ಹೋಗಿ ಇನ್ನೊಂದು ಬರುತ್ತಿತ್ತು. ಅವರಿಗದು ತಿಳಿಯಲಿಲ್ಲ. ವಹಿ ತೆಗೆಯೋಣವೆಂದರೆ ಅದನ್ನು ಎರಡು ದಿನದ ಹಿಂದೆ ನಾನೇ ಕಟ್ಟಿ ಅಟ್ಟಕ್ಕೆ ಹಾಕಿಸಿದ್ದೆ.

ಸುದ್ದಿ ನನಗೆ ಮುಟ್ಟಿದ್ದು ಮರುದಿನ. ತಪ್ಪು ಸಿಕ್ಕಲು ಅರ್ಧ ತಾಸು ಸಾಕಾಯಿತು, ತಿದ್ದಲು ಎರಡು ದಿನ. ಫ್ಲಾಪಿ ಹಿಡಿದು ಹೋದೆ. ಚಾಚಾರದು ಏನೂ ತಪ್ಪಿಲ್ಲ, ತಪ್ಪು ನಂದು ಅಂತ ಸಾಹೇಬರಿಗೆ ಹೇಳಿದೆ.

"ನಿಂದ ಇರಲಿ, ಅವರದ ಇರಲಿ," ಅಂದರು. "ಹೊರಗ ನಿಂತಾವ್ರಿಗೆ ಅದನ್ನ ಯಾರ ಹೇಳಾವ್ರು? ಇನ್ನ ಮ್ಯಾಲೆ ಇಂಗ್ಲಿಷ್ ಒಂದ. ಅದ್ರಾಗ ಯಾರಿಗೂ ತಕರಾರ ಇಲ್ಲ, ಯಾರಿಗೂ ಬರಂಗಿಲ್ಲ."

ಕಿಟಕಿಯೊಳಗೆ ಆಗಲೇ ಬೇರೊಬ್ಬ ಆಪರೇಟರ್ ಕುಳಿತಿದ್ದ. ಮಾನಿಟರು ಅವನ ಕಡೆಗೇ ತಿರುಗಿತ್ತು. ಆ ಜೈನ ರೈತರನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಇರಬಹುದಪಾ, ಯಂತ್ರದ ಮಾತು ನಮಗೇನ ತಿಳೀತೈತಿ," ಅಂದರು. ನಂಬಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಚಾಚಾ ಹಿಪ್ಪಿಯ ಗುಡ್ಡದ ಬುಡದಲ್ಲಿದ್ದರು. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಕಲ್ಲಿನ ಮೇಲೆ ಕುಳಿತಿದ್ದರು. ಹತ್ತಿರ ಹೋದೆ. ಬಯ್ಯಲಿಲ್ಲ ಅವರು. "ಮಾಸ್ತರ, ಬಟನ್ ತಗದ್ರೋ ಐತೋ?" ಅಂತ ಕೇಳಿದರು.

"ಐತ್ರಿ ಚಾಚಾ. ಮುಚ್ಚಿಟ್ಟಾರ."

ಅಷ್ಟರಲ್ಲಿ ಒಬ್ಬ ಗಾಡಿಯವ ಚೀಟಿ ಹಿಡಿದು ಅಲ್ಲಿಗೇ ಬಂದ. ರೂಢಿ ನೋಡಿ, ಓದಿಸಿಕೊಳ್ಳಲು ಇನ್ನೂ ಅವರ ಹತ್ತಿರವೇ ಬರುತ್ತಿದ್ದರು. ಚಾಚಾ ಚೀಟಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಇಂಗ್ಲಿಷು. ಹಿಂದುಮುಂದು ಮಾಡಿ ನೋಡಿದರು. ನನ್ನನ್ನು ಕೇಳಬಹುದಿತ್ತು, ಕೇಳಲಿಲ್ಲ. ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದರು. ಆಮೇಲೆ ಚೀಟಿಯನ್ನು ಅವನ ಕೈಗೆ ಮರಳಿ ಕೊಟ್ಟು, "ಕರೀತಾರ ಹೋಗಪಾ. ನೆರಳಾಗ ಕೂಡು," ಅಂದರು.

ಮುಂದಿನ ಸೀಸನ್ನಿಗೆ ಅವರು ಇರಲಿಲ್ಲ. ಹುಕ್ಕೇರಿಗೆ ಹೋಗಿ ನಾನೂ ಒಂದು ಮುಟಗಿ ಮಣ್ಣು ಹಾಕಿ ಬಂದೆ.