ಕಂಬದೆತ್ತರದ ಬಲೂನು

ಆರ್ಲಿಸ್ ಕ್ವಾಮೆ ಸ್ವಾರ್ಥಿ. ಈ ಮಾತನ್ನು ಮೆದುಮಾಡಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಲಿಂಡಾಲ್ ಕಣಿವೆಯಲ್ಲಿ ಅವಳ ಬೇಲಿಯ ಈಚೆಗೇ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಚಳಿಗಾಲದಲ್ಲಿ ತನ್ನ ಅಂಗಳದ ಹಿಮವನ್ನು ಅವಳು ನನ್ನ ದಾರಿಗೆ ತಳ್ಳುತ್ತಾಳೆ. ಗಂಡ ತೀರಿಕೊಂಡಾಗ ಊರವರು ತಂದುಕೊಟ್ಟ ಊಟವನ್ನೆಲ್ಲ ಇಸಿದುಕೊಂಡಳು, ಪಾತ್ರೆಗಳನ್ನು ಹಿಂದಿರುಗಿಸಲಿಲ್ಲ.

ಆ ಆರ್ಲಿಸಳ ಹುಲ್ಲುಗಾವಲಿನ ಮೇಲೆ ಭಾರಿ ವಿದ್ಯುತ್ ಮಾರ್ಗವೊಂದನ್ನು ಎಳೆಯಲು ಕಂಪನಿಯೊಂದು ಹೊರಟಿತು. ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಥದಕ್ಕೆ ಸರ್ಕಾರದ ಆಯೋಗವೊಂದರ ಒಪ್ಪಿಗೆ ಬೇಕು. ಕಂಪನಿ ಎರಡು ದಾರಿಗಳನ್ನು ಮುಂದಿಡಬೇಕು, ಆಯೋಗ ಒಂದನ್ನು ಆರಿಸುತ್ತದೆ. ನಿಯಮ ಮಾಡಿದವರು ನ್ಯಾಯವಾಗಿಯೇ ಮಾಡಿದ್ದಾರು. ಆದರೆ ಹಳ್ಳಿಯ ಮಟ್ಟದಲ್ಲಿ ಅದರ ಅರ್ಥ ಬೇರೆ: ನನ್ನ ಹೊಲಕ್ಕೆ ಬೇಡವೆಂದರೆ ನೆರೆಯವನ ಹೊಲಕ್ಕೆ ಹೋಗಲಿ ಎಂದಂತೆ. ಒಂದು ದಾರಿ ಕಣಿವೆಯ ತಳದಲ್ಲಿ ಹಳ್ಳದ ಗುಂಟ, ಆರ್ಲಿಸಳ ಹುಲ್ಲುಗಾವಲಿನಲ್ಲಿ. ಇನ್ನೊಂದು ಗುಡ್ಡದ ನೆತ್ತಿಯ ಮೇಲೆ, ಡೆಲ್ಮರ್ ಹೋವ್ಡೆಯ ಹಸುಗಳು ಮೇಯುವಲ್ಲಿ. ಈ ಮಾರ್ಗವೇ ಬೇಡವೆಂದು ವಾದಿಸಲು ನಾವು ಕೆಲವರು ನಾಗರಿಕರ ಸಮಿತಿಯೊಂದನ್ನು ಕಟ್ಟಿಕೊಂಡಿದ್ದೆವು.

ಡೆಲ್ಮರನ ಹೆಂಡತಿ ಮಾರ್ಡೆಲ್‌ಗೆ ಪಾರ್ಶ್ವವಾಯು ಹೊಡೆದ ಮೇಲೆ ಅವಳ ಮಂಚ ಕಿಟಕಿಯ ಪಕ್ಕಕ್ಕೆ ಬಂದಿತ್ತು. ಶರತ್ಕಾಲದ ಬೆಳಗುಗಳಲ್ಲಿ ನಮ್ಮ ಕಣಿವೆ ಮಂಜಿನಿಂದ ತುಂಬುತ್ತದೆ. ಆಗ ಆ ಕಿಟಕಿಯಿಂದ ನೋಡಿದರೆ ರಸ್ತೆ ಇಲ್ಲ, ಹಳ್ಳ ಇಲ್ಲ, ನಮ್ಮ ಮನೆಗಳಿಲ್ಲ. ಅಲುಗಾಡದ ಬಿಳಿ ನೀರು, ದೂರದಲ್ಲಿ ದ್ವೀಪಗಳಂತೆ ಬೇರೆ ಗುಡ್ಡಗಳು. ಆ ನೀರಿನ ಅಡಿಯಿಂದ ನಾಯಿ ಬೊಗಳುತ್ತದೆ, ಟ್ರ್ಯಾಕ್ಟರ್ ಒಂದು ದೊಡ್ಡ ಮೀನಿನಂತೆ ಗುರುಗುಟ್ಟುತ್ತ ಸರಿದುಹೋಗುತ್ತದೆ. "ನಾನು ಹಡಗಲ್ಲಿದ್ದೀನಿ ಕಣೇ, ನೀವೆಲ್ಲ ಮುಳುಗಿಹೋಗಿದ್ದೀರಿ," ಎಂದು ಮಾರ್ಡೆಲ್ ಒಮ್ಮೆ ನನಗೆ ಹೇಳಿದ್ದಳು. ಗುಡ್ಡದ ದಾರಿ ಆಯ್ಕೆಯಾದರೆ ಉಕ್ಕಿನ ಕಂಬ ಏಳುವುದು ಆ ಕಿಟಕಿಯ ನೇರಕ್ಕೆ.

ವಸಂತದಲ್ಲಿ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ವಿಚಾರಣೆ ನಡೆಯಿತು. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮೇಜು ಹಾಕಿಕೊಂಡು ಆಯೋಗದ ನ್ಯಾಯಾಧೀಶರು ಕುಳಿತಿದ್ದರು. ನಮ್ಮ ಜನಕ್ಕೆ ನಾಲ್ಕು ಜನರ ಮುಂದೆ ತಮಗೇನು ಬೇಕೆಂದು ಹೇಳಿಕೊಳ್ಳುವುದು ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆಯ ಸಂಗತಿ. ಡೆಲ್ಮರ್ ಪ್ರಮಾಣ ಮಾಡಿ, ಕೈಯಲ್ಲಿ ಟೋಪಿ ತಿರುವುತ್ತ ನಿಂತ.

"ಬೇರೆಲ್ಲಾದ್ರೂ ಜಾಗ ಇದ್ದಿದ್ರೆ ಒಳ್ಳೇದಿತ್ತೇನೋ. ಇಲ್ದಿದ್ರೂ ಹೆಂಗೋ ನಡೆಯುತ್ತೆ. ನೀವು ಅಷ್ಟು ದೂರದಿಂದ ಬಂದ್ರಲ್ಲ, ಅದೇ ದೊಡ್ಡದು."

"ಮಿಸ್ಟರ್ ಹೋವ್ಡೆ, ನಿಮ್ಮ ಆಕ್ಷೇಪಣೆ ಇದೆಯೋ ಇಲ್ವೋ?"

"ದೂರು ಹೇಳೋ ಅಭ್ಯಾಸ ನಮ್ಮನೇಲಿ ಇಲ್ಲ, ಸಾರ್."

ಅವನ ಬೆನ್ನಿಗೇ ಆರ್ಲಿಸ್ ಎದ್ದಳು. "ನನಗೆ ಅಭ್ಯಾಸ ಇದೆ. ನನ್ನ ಹೊಲಕ್ಕೆ ಕಾಲಿಡಬೇಡಿ. ಗುಡ್ಡದ ಮೇಲೆ ಹಾಕ್ಕೊಳ್ಳಿ. ಅಲ್ಲಿ ಗಾಳಿ ಬಿಟ್ರೆ ಏನಿದೆ?"

ತಿಂಗಳೊಪ್ಪತ್ತಿನಲ್ಲೇ ಕಂಪನಿಯ ವಕೀಲರು ಆ ಮಾತನ್ನು ತಮ್ಮ ವಾದಕ್ಕೆ ಸೇರಿಸಿದರು: ಸ್ಥಳೀಯರೇ ಗುಡ್ಡದ ದಾರಿಯನ್ನು ಬಯಸುತ್ತಿದ್ದಾರೆ, ಗುಡ್ಡದವರದು ಆಕ್ಷೇಪಣೆಯೂ ಇಲ್ಲ.

ನಮ್ಮಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಭಾನುವಾರ ಪ್ರಾರ್ಥನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಇರುತ್ತದೆ. ಮನೆಮನೆಯಿಂದ ತಿಂಡಿಯ ತಟ್ಟೆಗಳು ಬರುತ್ತವೆ. ಆರ್ಲಿಸ್ ರೂಬಾರ್ಬ್ ಎಂಬ ಹುಳಿದಂಟಿನ ಕೇಕು ತಂದಿಟ್ಟಳು. "ಎಷ್ಟು ಚೆನ್ನಾಗಿ ಬೆಂದಿದೆ ಆರ್ಲಿಸ್!" ಎಂದು ಎಲ್ಲರೂ ಹೊಗಳಿದರು. ಒಬ್ಬರೂ ಒಂದು ತುಂಡು ಎತ್ತಿಕೊಳ್ಳಲಿಲ್ಲ. ಆ ಬೇಸಿಗೆಯುದ್ದಕ್ಕೂ ಅವಳ ತಟ್ಟೆ ತುಂಬಿದಂತೆಯೇ ಮನೆಗೆ ಮರಳಿತು. ನಾನೂ ತೆಗೆದುಕೊಳ್ಳಲಿಲ್ಲ. ಅದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

"ಏನೇ, ಇಲಿ ಪಾಷಾಣ ಹಾಕಿದ್ದೀನಾ ಇದಕ್ಕೆ?" ಎಂದು ಒಮ್ಮೆ ನನ್ನನ್ನೇ ಕೇಳಿದಳು.

"ಸಕ್ಕರೆ ಕಮ್ಮಿ ಅಂತ ಕೇಳ್ದೆ."

"ನನ್ನ ಬಾಯಲ್ಲಿ ತಾನೇ?" ಎಂದು ತಟ್ಟೆಗೆ ಬಟ್ಟೆ ಮುಚ್ಚಿ ಹೋದಳು. ಮುಂದಿನ ಭಾನುವಾರ ಮತ್ತೆ ತಂದಳು.

ಅಕ್ಟೋಬರಿನಲ್ಲಿ, ತೀರ್ಮಾನಕ್ಕೆ ಮುಂಚೆ, ಆಯೋಗದ ಇಬ್ಬರು ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆಂದು ಗೊತ್ತಾಯಿತು. ಕಂಬ ಎಷ್ಟೆತ್ತರವೆಂದು ಕಾಗದದಲ್ಲಿ ಓದಿದವರಿಗೆ ಅದು ಕಣ್ಣಿಗೆ ಕಟ್ಟುವುದಿಲ್ಲ. ಆದ್ದರಿಂದ ಎರಡೂ ದಾರಿಗಳಲ್ಲಿ ಕಂಬ ಬರುವ ಜಾಗಗಳಲ್ಲಿ, ಕಂಬದಷ್ಟೇ ಉದ್ದದ ಹಗ್ಗಕ್ಕೆ ಕಿತ್ತಳೆ ಬಣ್ಣದ ದೊಡ್ಡ ಬಲೂನು ಕಟ್ಟಿ ಹಾರಿಸುವುದೆಂದು ಸಮಿತಿ ನಿಶ್ಚಯಿಸಿತು. ಬಲೂನು, ಗ್ಯಾಸ್ ಹಂಚಲು ಎಲ್ಲರನ್ನೂ ನನ್ನ ಅಡುಗೆಮನೆಗೆ ಕರೆದೆ. ಡೆಲ್ಮರ್ ಕೈ ಚಾಚಲಿಲ್ಲ.

"ನಾನು ಹಾರಿಸಲ್ಲ. ನಮ್ಮನೇಲಿ ಯಾರ ಹುಟ್ಟುಹಬ್ಬಾನೂ ಇಲ್ಲ."

"ಬಲೂನ್ ಇಲ್ದಿರೋ ಕಡೆ ತಕರಾರಿಲ್ಲ ಅಂದ್ಕೋತಾರೆ ಡೆಲ್ಮರ್."

"ಅಂದ್ಕೊಳ್ಳಿ. ಹೆಂಡ್ತಿ ಕಾಯಿಲೆ ತೋರ್ಸಿ ಕನಿಕರ ಬೇಡೋಕೆ ನನ್ನಿಂದಾಗಲ್ಲ."

ಆರ್ಲಿಸ್ ಬಲೂನುಗಳನ್ನು ತಿರುವಿಹಾಕಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಂಡು, ಯಾರಿಗೂ ಹೇಳದೆ ಹೊರಟುಹೋದಳು.

ಅಧಿಕಾರಿಗಳು ಬಂದ ಬೆಳಿಗ್ಗೆ ಕಣಿವೆ ಅಂಚಿನವರೆಗೆ ಮಂಜು ತುಂಬಿತ್ತು. ದಾರಿ ತೋರಿಸಲು ನಾನು ಅಧಿಕಾರಿಗಳ ಕಾರಿನ ಮುಂದೆ ನನ್ನ ಕಾರು ಬಿಟ್ಟುಕೊಂಡು ಗುಡ್ಡ ಹತ್ತಿದೆ. ತಿರುವೊಂದರಲ್ಲಿ ಮಂಜಿನಿಂದ ಹೊರಗೆ ಬಂದೆವು. ಕೆಳಗೆ ಬಿಳಿ ಸಮುದ್ರ. ಅದರ ಮೇಲೆ ಕಿತ್ತಳೆ ಬಲೂನುಗಳು ಸಾಲಾಗಿ ತಲೆ ಎತ್ತಿದ್ದವು, ಮರವಿಲ್ಲದ ಹಣ್ಣುಗಳಂತೆ. ಕೆಲವು ಮುಳುಗಿ, ಮತ್ತೆ ನಿಧಾನವಾಗಿ ಮೇಲೆ ಬರುತ್ತಿದ್ದವು. ಹಗ್ಗ ಹಿಡಿದವರು ಯಾರೂ ಕಾಣುತ್ತಿರಲಿಲ್ಲ. ಅಧಿಕಾರಿಗಳು ಕಾರಿನಿಂದಿಳಿದರು. ಅವರಿಬ್ಬರಲ್ಲಿ ಒಬ್ಬಳು ಹೆಂಗಸು, ಅವಳು ಕತ್ತು ಹೊರಳಿಸಿ ಮೇಲೆ ನೋಡಿದಳು. ಡೆಲ್ಮರನ ಹಸುಗಳು ಮೇಯುವ ಜಾಗದ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಒಂಟಿ ಬಲೂನೊಂದು ಬಿಸಿಲಿಗೆ ಹೊಳೆಯುತ್ತಿತ್ತು.

ಡೆಲ್ಮರನ ಮನಸ್ಸು ತಿರುಗಿತೆಂದುಕೊಂಡು ಹತ್ತಿರ ಹೋದೆ, ಅಧಿಕಾರಿಗಳೂ ಹಿಂದೆ ಬಂದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹಗ್ಗ ಹಿಡಿದಿದ್ದವಳು ಆರ್ಲಿಸ್. ಡೆಲ್ಮರ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದ, ಹತ್ತಿರ ಬಂದಿರಲಿಲ್ಲ.

"ಡೆಲ್ಮರ್ ಒಪ್ಪಿದ್ನೇನೇ?"

"ಕೇಳಿದ್ರೆ ತಾನೇ ಒಪ್ಪೋದು."

"ಹೇಳ್ದೆ ಕೇಳ್ದೆ ಇನ್ನೊಬ್ರ ಜಮೀನಿಗೆ ನುಗ್ಗಿದ್ದೀಯಲ್ಲ."

"ಪೊಲೀಸ್ ಕರಿ ಹೋಗು."

ಅಧಿಕಾರಿ ಹೆಂಗಸು ಬಲೂನಿನಿಂದ ಹಗ್ಗದ ಗುಂಟ ಕಣ್ಣಿಳಿಸಿ, ಹಗ್ಗದಿಂದಾಚೆ ಮನೆಯ ಕಿಟಕಿ ನೋಡಿದಳು. ಗಾಜಿನ ಹಿಂದೆ ಮಾರ್ಡೆಲಳ ಬಿಳಿ ತಲೆ ಕಾಣುತ್ತಿತ್ತು.

"ಅಲ್ಲಿರೋರು ಯಾರು?"

"ನನ್ನೇನು ಕೇಳ್ತೀರಿ? ಒಳಗೋಗಿ ಅವಳನ್ನೇ ಕೇಳಿ," ಎಂದಳು ಆರ್ಲಿಸ್. ಆಮೇಲೆ ಕೊಟ್ಟಿಗೆಯತ್ತ ಕೂಗಿದಳು: "ಏ ಡೆಲ್ಮರ್! ಇವರಿಗೆ ಕಾಫಿ ಬೇಕಂತೆ!"

ಅವರು ಕಾಫಿ ಕೇಳಿರಲಿಲ್ಲ. ಆದರೆ ಬಂದವರಿಗೆ ಕಾಫಿ ಇಲ್ಲವೆನ್ನುವುದು ನಮ್ಮ ಕಡೆಯ ಗಂಡಸಿನಿಂದ ಆಗದ ಕೆಲಸ. ಡೆಲ್ಮರ್ ಬಂದು ಬಾಗಿಲು ತೆರೆದ. ಆ ಹೆಂಗಸು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಮಾರ್ಡೆಲಳ ಪಕ್ಕ ಅವಳೂ ಬಾಗಿ, ಹೊರಗೆ ನೋಡುತ್ತಿರುವುದು ಕಂಡಿತು.

ಹೊರಗುಳಿದ ಅಧಿಕಾರಿ ನಕ್ಷೆ ಹಿಡಿದು ಕೆಳಗೆ ದಿಟ್ಟಿಸುತ್ತಿದ್ದ. ಮಂಜು ಸಡಿಲಗೊಂಡು ಹರಿಯತೊಡಗಿತ್ತು. ಹಳ್ಳ, ಬೇಲಿ, ಆರ್ಲಿಸಳ ಹುಲ್ಲುಗಾವಲು ಒಂದೊಂದಾಗಿ ತೇಲಿ ಬಂದವು. ಸಾಲಿನಲ್ಲಿ ಅಲ್ಲೊಂದೇ ಕಡೆ ಬಲೂನು ಇರಲಿಲ್ಲ.

"ಆ ಹೊಲದೋರಿಗೆ ಅಭ್ಯಂತರ ಇಲ್ಲ ಅನ್ಸುತ್ತೆ," ಎಂದು ಅವನು ನಕ್ಷೆಯ ಮೇಲೆ ಪೆನ್ನು ಆಡಿಸಿದ.

ನಾನು ಬಗ್ಗಿ ಆರ್ಲಿಸಳ ಕಿವಿಯಲ್ಲಿ ಹೇಳಿದೆ: "ನನ್ನ ಕಾರಲ್ಲಿ ಇನ್ನೊಂದು ಬಲೂನಿದೆ. ಇವರು ಕಾಫಿ ಕುಡಿದು ಹೊರಡೋದ್ರೊಳಗೆ ನಿನ್ನ ಹೊಲ ಮುಟ್ಟಬಹುದು. ಹಗ್ಗ ಇಲ್ಲಿ ಕೊಡು."

"ನೀನು ಸಡಿಲ ಬಿಡ್ತೀಯ," ಎಂದಳು.

ಗಾಳಿ ಎದ್ದಿತ್ತು. ಬಲೂನು ಕಿಟಕಿಯ ನೇರ ಬಿಟ್ಟು ಪಕ್ಕಕ್ಕೆ ವಾಲತೊಡಗಿತು. ಅವಳು ಬಕೆಟ್ಟಿನಿಂದೆದ್ದಳು. ಕೆಳಗಿನ ಹೊಲದ ಕಡೆಗೆ ತಿರುಗಿಯೂ ನೋಡದೆ, ಹಗ್ಗವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ನಡೆದು, ಅದು ಮತ್ತೆ ಆ ಕಿಟಕಿಯ ನೇರಕ್ಕೆ ಬರುವಂತೆ ನಿಂತಳು.