ನಾಲ್ಕು ಸಾಲಿನಲ್ಲಿ ಹಿಡಿಯದ ಯೆರೆಮೇಯ್

ಜರ್ಮನರನ್ನು ಸೋಲಿಸಿದ ವಿಜಯದಿನ ಹತ್ತಿರ ಬಂದರೆ ಸಾಕು, ನಮ್ಮ ಕಾಪಾ ಚಿಕ್ಕಮ್ಮನಿಗೆ ತಲೆನೋವು ಶುರುವಾಗುತ್ತಿತ್ತು. ನಮ್ಮೂರು ಕಿನೇಶ್ಮಾದ ಬಟ್ಟೆ ಗಿರಣಿಯವರು ಹೂವು ಹಿಡಿದು ಬಾಗಿಲು ಬಡಿದರೆ, "ಮೈ ಸರಿಯಿಲ್ಲ ಅಂತ ಹೇಳೇ" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದಳು. ಯುದ್ಧದ ಪದಕವನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಊರೇ ಹೆಮ್ಮೆಪಡುವಾಗ ಇವಳದೇನು ಬಿಗುಮಾನ ಎಂದು ನನಗೆ ರೇಗುತ್ತಿತ್ತು. ಒಂದು ವರ್ಷ ಅದನ್ನೇ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. ಆಗ ಹೇಳಿದಳು.

ಸಾವಿರದ ಒಂಬೈನೂರ ನಲವತ್ಮೂರರಲ್ಲಿ ಅವಳಿಗೆ ಇಪ್ಪತ್ತೊಂದು ವರ್ಷ. ರಣರಂಗದ ಸೈನಿಕರನ್ನು ರಂಜಿಸಲು ಹೊರಟ ಐದು ಜನರ ತಂಡದಲ್ಲಿ ಇವಳೊಬ್ಬಳು. ಲಾರಿಯ ಪಕ್ಕದ ಹಲಗೆ ಇಳಿಸಿದರೆ ಅದೇ ವೇದಿಕೆ. ಅರ್ಖಿಪ್ ಅಕಾರ್ಡಿಯನ್ ನುಡಿಸುತ್ತಿದ್ದ, ಇವಳು ಚಸ್ತುಷ್ಕಾ ಹಾಡುತ್ತಿದ್ದಳು. ನಾಲ್ಕೇ ಸಾಲಿನ ಚೇಷ್ಟೆಯ ಹಾಡು ಅದು. ಆಟಕ್ಕೆ ಅರ್ಧ ಗಂಟೆ ಮುಂಚೆ ಪಟಾಲಮ್ಮಿನ ಅಡುಗೆಯವನ ಹತ್ತಿರ ಹೋಗಿ, ಯಾರು ಏನು ಮಾಡಿದರೆಂದು ಕೇಳಿ, ಅಲ್ಲೇ ಹೆಸರು ಸೇರಿಸಿ ಕಟ್ಟಬೇಕು. ತಮ್ಮವನ ಹೆಸರು ಕೇಳಿಸಿದರೆ ಸೈನಿಕರು ಕುಣಿದಾಡುತ್ತಿದ್ದರು.

"ಯೆರೆಮೇಯ್ ಅಂತ ಒಬ್ಬ ಇದಾನೆ, ಟೆಲಿಫೋನ್ ತಂತಿಯವನು," ಎಂದನಂತೆ ಒಬ್ಬ ಅಡುಗೆಯವನು, ಗಂಜಿ ತಿರುವುತ್ತಾ. "ಮೊನ್ನೆ ಕಿತ್ತುಹೋದ ತಂತಿ ಕಟ್ಟೋಕೆ ಹೋಗಿ, ಗುಂಡು ಬಿದ್ದಿದ್ದೇ ತಡ, ಟೋಪೀನೂ ಬಿಟ್ಟು ಓಡ್ಬಂದ. ಆಮೇಲೆ ಯಾರೂ ಹೇಳ್ದೇನೆ ತಾನೇ ತೆವಳ್ಕೊಂಡು ಹೋಗಿ ಕಟ್ಟಿ ಬಂದ ಅನ್ನು."

"ಎರಡನೇ ಮಾತು ನನಗೆ ಕೇಳಿಸಲಿಲ್ಲ ಅಂದ್ಕೋಬೇಡ," ಎಂದಳು ಚಿಕ್ಕಮ್ಮ. "ಚೆನ್ನಾಗೇ ಕೇಳಿಸ್ತು. ಆದರೆ ನಗು ಇದ್ದಿದ್ದು ಮೊದಲನೇದ್ರಲ್ಲಿ."

ತಂತಿ ಕಟ್ಟೋಕ್ ಹೊರಟ ಯೆರೆಮೇಯ್,
ಢಂ ಅಂದಿತು ಗುಂಡು;
ತಂತಿ ಅಲ್ಲೇ, ಟೋಪಿ ಅಲ್ಲೇ,
ಓಡಿ ಬಂದ ಗಂಡು!

ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟ ಮುಗಿದ ಮೇಲೆ ನಲವತ್ತರ ಆಸುಪಾಸಿನ, ದೊಡ್ಡ ಕಿವಿಯ ಒಬ್ಬ ಲಾರಿಯ ಬಳಿ ಬಂದ.

"ಚೆನ್ನಾಗಿತ್ತು ಮಗಳೇ. ನಾನು ವಾಪಸ್ ಹೋಗಿದ್ನಲ್ಲ, ಅದಕ್ಕೂ ಒಂದು ಕಟ್ಟಿಬಿಡು. ನಾಳೆ ನೀನು ಹೋಗೋ ಪಟಾಲಮ್ಮಲ್ಲಿ ನಮ್ಮೂರ ಹುಡುಗ್ರಿದಾರೆ. ಅವರು ಊರಿಗೆ ಬರೀತಾರೆ."

"ಆಗ್ಲಿ ಮಾವ, ಖಂಡಿತ," ಎಂದಳು ಇವಳು.

ಕೂತು ಕಟ್ಟಿದಳು ಕೂಡ. ಅದು ಪತ್ರಿಕೆಯ ವರದಿಯ ಹಾಗೆ ಸಪ್ಪೆಯಾಗಿತ್ತು. ಮಾರನೆಯ ದಿನ ಆ ಪಟಾಲಮ್ಮಿನಲ್ಲಿ ಟೋಪಿಯ ಹಾಡಿಗೇ ನಗು ಎದ್ದಿತು, "ಇನ್ನೊಂದ್ಸಲ" ಎಂದರು, ಮತ್ತೆ ಅದನ್ನೇ ಹಾಡಿದಳು. ಸಪ್ಪೆಯದನ್ನು ತೆಗೆಯಲೇ ಇಲ್ಲ. ಸಾವಿನ ಬಾಯಿಗೆ ಎರಡು ಸಲ ಹೋದವನಿಗೋಸ್ಕರ ಎರಡು ನಿಮಿಷ ಸಪ್ಪೆಯಾಗಲು ಇವಳಿಗೆ ಧೈರ್ಯ ಬರಲಿಲ್ಲ.

ಐವತ್ತೊಂದರಲ್ಲಿ, ಯುದ್ಧದ ನಂತರ ಇವಳು ಸೇರಿದ್ದ ಗಿರಣಿಯ ಹಾಡಿನ ತಂಡ ಹಳ್ಳಿಗಳಿಗೆ ಹೊರಟಾಗ, ಆ ಹುಡುಗರ ಬಾಯಲ್ಲಿ ಕೇಳಿದ್ದ ಯೆರೆಮೇಯನ ಊರೂ ಪಟ್ಟಿಯಲ್ಲಿತ್ತು. ತಪ್ಪಿಸಿಕೊಳ್ಳಬಹುದಿತ್ತು. ಈ ಸಲ ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕೆಂದು ವಾರವಿಡೀ ಕೂತು ಎರಡನೇ ಹಾಡನ್ನು ತಿದ್ದಿದಳು. ಈಗ ಚೆನ್ನಾಗಿ ಬಂದಿತ್ತು.

ಸಭಾಮಂದಿರದಲ್ಲಿ ಇವಳು ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಿಂದ, "ಟೋಪಿ ಯೆರೆಮೇಯಂದು ಹಾಡ್ರೀ!" ಎಂದು ಕೂಗಿದರು. ಹುಡುಗರು ಊರಿಗೆ ಬರೆದದ್ದು ಆ ಹಾಡನ್ನೇ; ಎಂಟು ವರ್ಷದಿಂದ ಅವನಿಗೆ ಅಲ್ಲಿ ಅದೇ ಹೆಸರು. ಒಲೆಯ ಪಕ್ಕ ಹೆಂಡತಿಯ ಜೊತೆ ಅವನೇ ಕೂತಿದ್ದ.

"ಅವರು ವಾಪಸ್ ಹೋಗಿ ತಂತಿ ಕಟ್ಟಿ ಬಂದಿದ್ರು," ಎಂದಳು ಕಾಪಾ. "ನನಗೆ ಆವತ್ತೇ ಗೊತ್ತಿತ್ತು. ನೀವು ನಗಲಿ ಅಂತ ಬಿಟ್ಟೆ. ತಪ್ಪು ನಂದು."

ಹಿಂದಿನಿಂದ ಯಾರೋ, "ಲೋ ಯೆರೆಮೇಯ್, ಇಷ್ಟು ಹೇಳ್ಸೋಕೆ ಎಷ್ಟು ಬಾಟ್ಲಿ ವೋಡ್ಕಾ ಕೊಟ್ಯೋ?" ಎಂದ. ಮಂದಿರವೇ ಹಾರಿಹೋಗುವಂತೆ ನಕ್ಕರು. ಇವಳು ಹೊಸ ಹಾಡು ಎತ್ತಿಕೊಂಡಳು. ಆ ನಗುವಿನ ಗದ್ದಲದಲ್ಲಿ ಮೂರನೆಯ ಸಾಲು ಇವಳಿಗೇ ಕೇಳಿಸಲಿಲ್ಲ.

ಆಗ ಯೆರೆಮೇಯ್ ಎದ್ದು ನಿಂತ. "ಹಳೇದನ್ನೇ ಹಾಡಿಬಿಡು ಮಗಳೇ. ಬೇಗ ಮುಗೀಲಿ. ನನ್ನ ಹೆಂಡ್ತಿ ಮನೆಗೆ ಹೋಗ್ಬೇಕು."

"ಹಾಡಿದ್ಯಾ?" ಎಂದು ಕೇಳಿದೆ.

"ಹಾಡ್ದೆ," ಎಂದಳು ಚಿಕ್ಕಮ್ಮ. "ಚಪ್ಪಾಳೆ ಬಿತ್ತು. ನಾನು ತಲೆ ಬಾಗಿಸಿ ವಂದಿಸಿದೆ ಕಣೇ, ಅಭ್ಯಾಸ."